ಪಿಕಪ್‌ನ ಬ್ರೇಕ್ ಡಿಸ್ಕ್ ಸೊಟ್ಟ ಆಗಬಾರದು ಅಂದರೆ ದುಡ್ಡು ಎಲ್ಲಿ ಹಾಕಬೇಕು?

ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಅದುರುತ್ತದೆ. ಡಿಸ್ಕ್ ಬೆಂಡ್ ಆಗಿದೆ, ಹೊಸದು ಹಾಕಿಸಿ ಅಂತಾರೆ. ಹಾಕಿಸಿದ ಮೇಲೆ ಕೆಲವು ತಿಂಗಳು ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಪಿಕಪ್ ಓಡಿಸುವವರಲ್ಲಿ ಈ ದೂರು ಸ್ವಲ್ಪ ಜಾಸ್ತಿಯೇ. ಎರಡನೇ ಸಲ ಹೀಗಾದಾಗ ಗೊಂದಲ ಶುರುವಾಗುತ್ತದೆ. ಈ ಸಲ ಗೀರು ಇರುವ ಡಿಸ್ಕ್ ಹಾಕಿಸೋದಾ, ತೂತು ಇರುವುದಾ? ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡ್ ಸೆರಾಮಿಕ್‌ನದು ಹಾಕಿದರೆ ಸಾಕಾ? ಇರುವ ಡಿಸ್ಕನ್ನೇ ಲೇತ್‌ಗೆ ಹಾಕಿಸಿ ಮೇಲ್ಮೈ ಕೊರೆಸಿದರೆ ಆಗುತ್ತಾ? ಅಥವಾ ದೊಡ್ಡ ಬ್ರೇಕ್ ಕಿಟ್‌ಗೇ ಹೋಗಿಬಿಡೋಣವಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಗಾಡಿಗಳಲ್ಲಿ ತಪ್ಪು ಡಿಸ್ಕಿನದಲ್ಲ, ಅದನ್ನು ಕೂರಿಸಿದ ರೀತಿಯದು. ಎರಡನೆಯ ಕಾರಣ ಶಾಖ. ಯಾವ ಜಾತಿಯ ಡಿಸ್ಕ್ ಅನ್ನೋದು ಇವೆರಡೂ ಆದ ಮೇಲಿನ ಮಾತು. ಆದರೆ ದುಡ್ಡು ಖರ್ಚಾಗುವುದು ಮಾತ್ರ ಸಾಮಾನ್ಯವಾಗಿ ಉಲ್ಟಾ ಕ್ರಮದಲ್ಲಿ.

ಡಿಸ್ಕ್‌ಗೆ ನಿಜವಾಗಿ ಏನಾಗುತ್ತದೆ

ಕಾದು ಕಾದು ಇಡೀ ಡಿಸ್ಕೇ ತಿರುಚಿಕೊಳ್ಳುವುದು ಅಪರೂಪ. ಸಾಮಾನ್ಯವಾಗಿ ಆಗುವುದು ಬೇರೆ. ಡಿಸ್ಕಿನ ದಪ್ಪ ಒಂದು ಸುತ್ತಿನಲ್ಲಿ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಒಂದು ಕಡೆ 0.02 ಮಿ.ಮೀ. ದಪ್ಪ ಹೆಚ್ಚಿದ್ದರೂ ಸಾಕು, ಕಾಲಿಗೆ, ಕೈಗೆ ಗೊತ್ತಾಗುತ್ತದೆ. ದಪ್ಪ ಜಾಗ ಪ್ಯಾಡ್ ನಡುವೆ ಬಂದಾಗ ಹಿಡಿತ ಜಾಸ್ತಿ, ತೆಳು ಜಾಗ ಬಂದಾಗ ಕಡಿಮೆ. ಪ್ರತಿ ಸುತ್ತಿಗೂ ಹೀಗಾದರೆ ಅದುರದೆ ಇನ್ನೇನು?

ಈ ದಪ್ಪ ತೆಳುವಿಗೆ ಎರಡು ದಾರಿಗಳಿವೆ. ಒಂದು, ಡಿಸ್ಕ್ ಹಬ್ ಮೇಲೆ, ಅಂದರೆ ಚಕ್ರವನ್ನು ಹೊತ್ತು ತಿರುಗುವ ನಡುಭಾಗದ ಮೇಲೆ, ನೇರವಾಗಿ ಕೂತಿರುವುದಿಲ್ಲ, ತಿರುಗುವಾಗ ಕೂದಲೆಳೆಯಷ್ಟು ಆಚೀಚೆ ಓಲಾಡುತ್ತದೆ. ಬ್ರೇಕ್ ಒತ್ತದೆ ಇದ್ದಾಗಲೂ ಓಲಾಡುವ ಭಾಗ ಪ್ರತಿ ಸುತ್ತಿಗೂ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಸಾವಿರಾರು ಕಿ.ಮೀ. ಹೀಗೆ ಸವೆದ ಮೇಲೆ ಅಲ್ಲಿ ತೆಳುವಾಗುತ್ತದೆ. ಹೊಸ ಡಿಸ್ಕ್ ಮೊದಲು ಚೆನ್ನಾಗಿದ್ದು, ತಿಂಗಳುಗಳ ನಂತರ ಅದುರಲು ಶುರುವಾಗುವುದಕ್ಕೆ ಇದೇ ಕಾರಣ. ಇನ್ನೊಂದು ದಾರಿ, ಪ್ಯಾಡಿನ ವಸ್ತು ಡಿಸ್ಕಿಗೆ ಅಂಟಿಕೊಳ್ಳುವುದು. ತೆಳುವಾಗಿ ಸಮವಾಗಿ ಅಂಟಿದರೆ ಒಳ್ಳೆಯದೇ, ಬ್ರೇಕ್ ಕೆಲಸ ಮಾಡುವುದೇ ಹಾಗೆ. ಒಂದೇ ಜಾಗದಲ್ಲಿ ಮುದ್ದೆಯಾಗಿ ಅಂಟಿದರೆ ತೊಂದರೆ. ಅಂಥ ಜಾಗ ಉಳಿದ ಭಾಗಕ್ಕಿಂತ ಜಾಸ್ತಿ ಕಾಯುತ್ತದೆ. 650ರಿಂದ 700 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಲ್ಲಿನ ಎರಕದ ಕಬ್ಬಿಣದ ಒಳರಚನೆಯೇ ಬದಲಾಗಿ ಗಟ್ಟಿ ಕಲೆಗಳು ಹುಟ್ಟುತ್ತವೆ. ಅವು ಸವೆಯುವುದಿಲ್ಲ, ಸುತ್ತಲಿನ ಭಾಗ ಸವೆಯುತ್ತದೆ. ಲೇತ್‌ನಲ್ಲಿ ಮೇಲ್ಮೈ ಕೊರೆದರೂ ಆ ಕಲೆ ಒಳಗೆ ಉಳಿದಿರಬಹುದು.

ಪಿಕಪ್‌ಗೇ ಯಾಕೆ ಜಾಸ್ತಿ

ಒಂದು ಲೆಕ್ಕ ನೋಡೋಣ. ಹೊರೆ ಸೇರಿ 3,500 ಕೆ.ಜಿ. ಇರುವ ಪಿಕಪ್ ಗಂಟೆಗೆ 100 ಕಿ.ಮೀ. ವೇಗದಿಂದ ನಿಂತರೆ ಬ್ರೇಕ್‌ಗಳು ಸುಮಾರು 13.5 ಲಕ್ಷ ಜೂಲ್ ಶಕ್ತಿಯನ್ನು ಶಾಖ ಮಾಡಬೇಕು. ಅದರಲ್ಲಿ ನೂರಕ್ಕೆ 70 ಪಾಲು ಮುಂದಿನ ಎರಡು ಡಿಸ್ಕಿಗೆ ಹೋಯಿತು, ಒಂದೊಂದು ಡಿಸ್ಕ್ 11 ಕೆ.ಜಿ. ಅಂತಿಟ್ಟುಕೊಳ್ಳಿ. ಒಂದೇ ಸಲ ನಿಲ್ಲಿಸಿದ್ದಕ್ಕೆ ಡಿಸ್ಕಿನ ಬಿಸಿ 80 ಡಿಗ್ರಿಗೂ ಹೆಚ್ಚು ಏರುತ್ತದೆ. ಇದಿನ್ನೂ ಸಮತಟ್ಟು ರಸ್ತೆ. ಅದೇ ಗಾಡಿ 500 ಮೀಟರ್ ಎತ್ತರದಿಂದ ಘಾಟಿ ಇಳಿದರೆ ಹೊರಬರುವ ಶಕ್ತಿ ಹಾಗೆ ಹನ್ನೆರಡು ಹದಿಮೂರು ಸಲ ನಿಲ್ಲಿಸಿದಷ್ಟು. ಗಾಳಿಯ ತಡೆ, ಎಂಜಿನ್ನಿನ ತಡೆ ಅದರಲ್ಲಿ ಒಂದು ಪಾಲನ್ನು ತಿನ್ನುತ್ತವೆ ನಿಜ. ಗೇರ್ ಇಳಿಸದೆ ಬ್ರೇಕ್ ಮೇಲೇ ಇಳಿದರೆ ಉಳಿದದ್ದೆಲ್ಲ ಡಿಸ್ಕಿಗೇ.

ಖಾಲಿ ಇದ್ದಾಗ ಪಿಕಪ್‌ನ ಹಿಂಭಾಗ ಹಗುರ, ಆಗ ಕೆಲಸದಲ್ಲಿ ಮುಂದಿನ ಬ್ರೇಕಿನ ಪಾಲು ಇನ್ನೂ ಜಾಸ್ತಿ. ದೊಡ್ಡ ಟೈರ್ ಹಾಕಿಸಿದ್ದರೆ ತಡೆಯಬೇಕಾದ ಬಲವೂ ಹೆಚ್ಚು.

ಮೊದಲು ಇದು ಡಿಸ್ಕಿನದ್ದೇನಾ ಅಂತ ನೋಡಿ

ಬ್ರೇಕ್ ಒತ್ತದೆಯೂ ಒಂದು ವೇಗದಲ್ಲಿ ಅದುರಿದರೆ ಅದು ಟೈರ್, ವೀಲ್ ಬ್ಯಾಲೆನ್ಸ್ ಅಥವಾ ಪ್ರೊಪೆಲ್ಲರ್ ಶಾಫ್ಟ್ ಕಥೆ. ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ಅದುರಿದರೆ ಮುಂದಿನ ಡಿಸ್ಕ್ ಮೇಲೆ ಅನುಮಾನ. ಸ್ಟೀರಿಂಗ್ ಸುಮ್ಮನಿದ್ದು ಸೀಟು ಅದುರಿದರೆ ಹಿಂದಿನದು. ಹಿಂದೆ ಡ್ರಮ್ ಇರುವ ಪಿಕಪ್‌ಗಳಲ್ಲಿ ಡ್ರಮ್ಮೇ ದುಂಡಗಿನ ಆಕಾರ ಕಳೆದುಕೊಂಡಿರಬಹುದು. ಕೈಯಲ್ಲಿ ಎಳೆಯುವ ಹ್ಯಾಂಡ್‌ಬ್ರೇಕ್ ಇದ್ದರೆ, ಖಾಲಿ ಜಾಗದಲ್ಲಿ ನಿಧಾನವಾಗಿ ಹೋಗುತ್ತಾ ಗುಂಡಿ ಒತ್ತಿಹಿಡಿದೇ ಸ್ವಲ್ಪ ಎಳೆದು ನೋಡಿ. ಆಗಲೂ ಅದೇ ತಾಳದಲ್ಲಿ ಅದುರಿದರೆ ಮುಂದಿನ ಡಿಸ್ಕ್ ಬದಲಿಸಿ ಪ್ರಯೋಜನ ಇಲ್ಲ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಪೆಡಲ್ ಟಕಟಕ ಅನ್ನುವುದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎಬಿಎಸ್, ಅದು ರೋಗವಲ್ಲ.

ಯಾವ ಅಳತೆಗೋಲಿನಿಂದ ತೂಗಬೇಕು

ಮುಂದೆ ಬರುವ ಪ್ರತಿಯೊಂದು ಆಯ್ಕೆಗೂ ನಾನು ಕೇಳುವ ಪ್ರಶ್ನೆಗಳು ಇಷ್ಟೇ. ಡಿಸ್ಕ್ ನೇರವಾಗಿ ಕೂರಲು ಅದು ನೆರವಾಗುತ್ತದಾ? ಶಾಖವನ್ನು ಕಡಿಮೆ ಮಾಡುತ್ತದಾ, ಇಲ್ಲಾ ತಡೆದುಕೊಳ್ಳುತ್ತದಾ? ಈಗಿನ ಖರ್ಚಲ್ಲದೆ ಆಮೇಲೆ ಪದೇಪದೇ ಎಷ್ಟು? ಶಬ್ದ, ದೂಳು, ತಣ್ಣಗಿರುವಾಗಿನ ಹಿಡಿತದಲ್ಲಿ ಏನು ಬಿಟ್ಟುಕೊಡಬೇಕು?

ಸರಿಯಾಗಿ ಕೂರಿಸುವುದು

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಇದು. ಆದರೂ ಗ್ಯಾರೇಜಿನ ಅವಸರದಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ.

ಡಿಸ್ಕ್ ಕೂರುವ ಹಬ್ ಮುಖದಲ್ಲಿ ತುಕ್ಕು ಇರುತ್ತದೆ. ಹಬ್ ಮುಖದ ಅಂಚಿನಲ್ಲಿ 0.05 ಮಿ.ಮೀ. ತುಕ್ಕಿನ ಚೂರು ಇದ್ದರೆ, ಡಿಸ್ಕಿನ ಹೊರ ಅಂಚಿನಲ್ಲಿ ಓಲಾಟ ಅದರ ಎರಡು ಪಟ್ಟು ಆಗಬಹುದು. ಡಿಸ್ಕ್ ಹಬ್‌ಗಿಂತ ಅಷ್ಟು ಅಗಲ ಇರುತ್ತದಲ್ಲ. ಹೆಚ್ಚಿನ ಗಾಡಿಗಳಲ್ಲಿ ಒಪ್ಪುವ ಓಲಾಟವೇ 0.05 ಮಿ.ಮೀ. ಆಸುಪಾಸು. ಅಂದರೆ ಎಷ್ಟು ದುಬಾರಿ ಡಿಸ್ಕ್ ತಂದರೂ ತುಕ್ಕಿನ ಮೇಲೆ ಕೂರಿಸಿದರೆ ಮೊದಲ ದಿನವೇ ಲೆಕ್ಕ ತಪ್ಪಿತು. ವೈರ್ ಬ್ರಷ್, ಸ್ಯಾಂಡ್‌ಪೇಪರ್ ಹಿಡಿದು ಸ್ಟಡ್‌ಗಳ (ವೀಲ್ ನಟ್ ಕೂರುವ ಬೋಲ್ಟ್‌ಗಳ) ಬುಡದವರೆಗೂ ಲೋಹ ಹೊಳೆಯುವಂತೆ ಉಜ್ಜಬೇಕು. ಹಳೆಯ ಡಿಸ್ಕನ್ನೇ ವಾಪಸ್ ಹಾಕುವುದಾದರೆ ಅದರ ಒಳಮುಖವನ್ನೂ ಉಜ್ಜಬೇಕು.

ಆಮೇಲೆ ಡಯಲ್ ಗೇಜ್, ಅಂದರೆ ಕೂದಲೆಳೆಯಷ್ಟು ಓಲಾಟವನ್ನೂ ಅಳೆಯುವ ಸಾಧನ. ಡಿಸ್ಕನ್ನು ನಟ್ ಹಾಕಿ ಬಿಗಿದು, ಗೇಜಿನ ಮುಳ್ಳನ್ನು ಹೊರ ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ಮುಟ್ಟಿಸಿ ಒಂದು ಸುತ್ತು ತಿರುಗಿಸಿದರೆ ಓಲಾಟ ಗೊತ್ತಾಗುತ್ತದೆ. ಜಾಸ್ತಿ ಇದ್ದರೆ ಡಿಸ್ಕನ್ನು ಒಂದೊಂದೇ ಸ್ಟಡ್ ಮುಂದಕ್ಕೆ ಸರಿಸಿ ಮತ್ತೆ ನೋಡಿ. ಹಬ್ಬಿನ ಓರೆ, ಡಿಸ್ಕಿನ ಓರೆ ಒಂದನ್ನೊಂದು ಹೊಡೆದುಹಾಕುವ ಜಾಗ ಸಿಕ್ಕರೆ ಸಮಸ್ಯೆ ಬಿಟ್ಟಿಯಾಗಿ ಮುಗಿಯಿತು. ಸಿಗದಿದ್ದರೆ ಓರೆ ಸರಿಪಡಿಸುವ ತೆಳು ತಗಡುಗಳು ಬರುತ್ತವೆ. ಯಾವುದಕ್ಕೂ ಬಗ್ಗದಿದ್ದರೆ ಹಬ್ ಬೇರಿಂಗ್ ಹೋಗಿದೆಯಾ ನೋಡಬೇಕು.

ಇನ್ನು ವೀಲ್ ನಟ್. ಏರ್ ಗನ್ ಹಿಡಿದು ಒಂದು ನಟ್ ಜಾಸ್ತಿ, ಒಂದು ಕಡಿಮೆ ಬಿಗಿದರೆ ಡಿಸ್ಕ್ ಹಬ್ ಮೇಲೆ ಓರೆಯಾಗಿ ಹಿಡಿದುಕೊಳ್ಳುತ್ತದೆ. ಎದುರುಬದುರು ನಟ್‌ಗಳನ್ನು ನಕ್ಷತ್ರದ ಆಕಾರದಲ್ಲಿ, ಎರಡು ಮೂರು ಹಂತಗಳಲ್ಲಿ ಟಾರ್ಕ್ ವ್ರೆಂಚ್‌ನಿಂದ (ಎಷ್ಟು ಬಿಗಿ ಅಂತ ಅಳೆದು ಬಿಗಿಯುವ ಪಾನಾ) ಬಿಗಿಯಬೇಕು. ಎಷ್ಟು ಬಿಗಿ ಅನ್ನುವುದು ಗಾಡಿಯ ಕೈಪಿಡಿಯಲ್ಲಿ ಇರುತ್ತದೆ. ಪಿಕಪ್‌ಗಳಲ್ಲಿ ಇದು ಸುಮಾರು 100ರಿಂದ 200 ನ್ಯೂಟನ್ ಮೀಟರ್ ತನಕ ಬೇರೆಬೇರೆ ಇರುವುದರಿಂದ ಅಂದಾಜು ನಡೆಯುವುದಿಲ್ಲ. ಚಕ್ರ ಹಾಕಿ 80ರಿಂದ 150 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿ. ಟೈರ್ ಬದಲಿಸಿದಾಗಲೂ, ಪಂಕ್ಚರ್ ಹಾಕಿಸಿದಾಗಲೂ ಇದೇ ನಿಯಮ. ಟಾರ್ಕ್ ವ್ರೆಂಚ್ ಒಂದು ನಿಮ್ಮದೇ ಇಟ್ಟುಕೊಳ್ಳಿ. ಈ ಪಟ್ಟಿಯಲ್ಲಿ ಎಲ್ಲರಿಗೂ ಹೇಳುವ ಖರೀದಿ ಅದೊಂದೇ.

ಅದೇ ಹೊತ್ತಿಗೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್‌ಗಳನ್ನು ಬಿಚ್ಚಿ ಒರೆಸಿ, ಬ್ರೇಕಿಗೆಂದೇ ಬರುವ ಗ್ರೀಸ್ ಹಚ್ಚಿಸಿ. ಪಿನ್ ಜಾಮ್ ಆದರೆ ಪ್ಯಾಡ್ ಹಿಂದೆ ಸರಿಯುವುದಿಲ್ಲ, ಇಡೀ ದಾರಿ ಡಿಸ್ಕ್ ಕಾಯುತ್ತಲೇ ಇರುತ್ತದೆ. ಒಂದು ಚಕ್ರದ ಪ್ಯಾಡ್ ಇನ್ನೊಂದಕ್ಕಿಂತ ಬೇಗ ಸವೆದಿದ್ದರೆ ಇದನ್ನೇ ಅನುಮಾನಿಸಿ.

ಲೇತ್‌ಗೆ ಹಾಕಿಸುವುದು

ಡಿಸ್ಕ್ ದಪ್ಪ ಇನ್ನೂ ಸಾಕಷ್ಟಿದ್ದು, ಮೇಲೆ ನೀಲಿ ಕಲೆ, ಬಿರುಕು ಇಲ್ಲದಿದ್ದರೆ ಇದು ಒಳ್ಳೆಯ ಆಯ್ಕೆ. ಕನಿಷ್ಠ ದಪ್ಪ ಎಷ್ಟು ಅನ್ನುವುದು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತದೆ. ಕೊರೆದ ಮೇಲೂ ಅದಕ್ಕಿಂತ ಮೇಲೆ ಉಳಿಯಬೇಕು, ಮುಂದೆ ಸವೆಯಲೂ ಸ್ವಲ್ಪ ಇರಬೇಕು.

ಎಲ್ಲಿ ಕೊರೆಯುತ್ತಾರೆ ಅನ್ನುವುದು ಮುಖ್ಯ. ಬಿಚ್ಚಿ ಬೆಂಚ್ ಲೇತ್‌ನಲ್ಲಿ ಕೊರೆದರೆ ಡಿಸ್ಕ್ ಲೇತ್‌ಗೆ ನೇರವಾಗುತ್ತದೆ, ನಿಮ್ಮ ಹಬ್‌ಗೆ ನೇರವಾಗಬೇಕೆಂದಿಲ್ಲ. ಗಾಡಿಯ ಮೇಲೇ ಕೂರಿಸಿ ಕೊರೆಯುವ ಯಂತ್ರವಾದರೆ ಹಬ್ಬಿನ ಓರೆಯೂ ಲೆಕ್ಕಕ್ಕೆ ಬರುತ್ತದೆ. ಅದು ಸಿಕ್ಕರೆ ಹೊಸ ಡಿಸ್ಕ್‌ಗಿಂತ ಚೆನ್ನಾಗಿ ಕೂರುವುದುಂಟು.

ಬಿಟ್ಟುಕೊಡುವುದೇನು ಅಂದರೆ ಲೋಹ. ತೆಳುವಾದ ಡಿಸ್ಕ್ ಅದೇ ಬ್ರೇಕಿಗೆ ಜಾಸ್ತಿ ಕಾಯುತ್ತದೆ. ಹಗುರ ಓಡಾಟಕ್ಕೆ ಪರವಾಗಿಲ್ಲ, ದಿನಾ ಹೊರೆ ಹೊರುವ ಗಾಡಿಗೆ ನಾನು ಹೇಳುವುದಿಲ್ಲ. ಲೇತ್ ಕೂಲಿ ಹೊಸ ಡಿಸ್ಕಿನ ಬೆಲೆಯ ಅರ್ಧ ದಾಟಿದರೆ ಯೋಚನೆಯೇ ಬೇಡ, ಹೊಸದು ತನ್ನಿ.

ಹೊಸ ಡಿಸ್ಕ್: ಸಾದಾ, ಹೈ ಕಾರ್ಬನ್, ಗೀರು, ತೂತು

ಕಂಪನಿ ಕೊಟ್ಟ ಅಳತೆಯ ಸಾದಾ ವೆಂಟಿಲೇಟೆಡ್ (ಒಳಗೆ ಗಾಳಿ ಹಾಯುವ ಸಂದು ಇರುವ) ಡಿಸ್ಕ್ ಹೆಚ್ಚಿನವರಿಗೆ ಸಾಕು. ನಿಜವಾಗಿ ಸಾಕು. ತೀರಾ ಅಗ್ಗದ್ದು ಕೊಳ್ಳುವ ಮುಂಚೆ ತೂಕ ಹೋಲಿಸಿ. ಒಂದೇ ಅಳತೆಯ ಎರಡು ಡಿಸ್ಕಿನಲ್ಲಿ ಒಂದು ಎದ್ದು ಕಾಣುವಷ್ಟು ಹಗುರವಾಗಿದ್ದರೆ ಕಬ್ಬಿಣ ಉಳಿಸಿದ್ದಾರೆ ಅಂತಲೇ ಅರ್ಥ, ಶಾಖ ಹೀರುವ ಶಕ್ತಿಯೂ ಅಷ್ಟೇ ಕಡಿಮೆ.

ಹೈ ಕಾರ್ಬನ್ ಡಿಸ್ಕಿಗೆ ಸ್ವಲ್ಪ ಹೆಚ್ಚು ಬೆಲೆ. ಎರಕದಲ್ಲಿ ಗ್ರಾಫೈಟ್ ಜಾಸ್ತಿ ಇರುವುದರಿಂದ ಶಾಖ ಬೇಗ ಹರಡುತ್ತದೆ, ಅದುರನ್ನೂ ನುಂಗಿಕೊಳ್ಳುತ್ತದೆ, ಕಾದು ತಣಿಯುವ ಹೊಡೆತಕ್ಕೆ ಬಿರುಕು ಬಿಡುವುದು ಕಡಿಮೆ. ಹೊರೆ, ಘಾಟಿ ಎರಡೂ ಇದ್ದವರಿಗೆ ಈ ಹೆಚ್ಚುವರಿ ಬೆಲೆ ಸಾರ್ಥಕ. ತುಕ್ಕು ತಡೆಯುವ ಲೇಪನ ಇರುವ ಡಿಸ್ಕ್ ಮಳೆ, ಉಪ್ಪುಗಾಳಿ ಇರುವ ಕಡೆ ಒಳ್ಳೆಯದು. ಪ್ಯಾಡ್ ಉಜ್ಜುವ ಜಾಗದ ಲೇಪನ ಬೇಗ ಹೋಗುತ್ತದೆ, ಆದರೆ ಹಬ್ಬಿಗೆ ತಾಗುವ ಭಾಗದಲ್ಲಿ ಉಳಿಯುತ್ತದೆ. ನಮಗೆ ಬೇಕಾದದ್ದೂ ಅಲ್ಲೇ.

ಗೀರು ಇರುವ ಡಿಸ್ಕ್ ಪ್ಯಾಡಿನ ಮುಖವನ್ನು ಕೆರೆದು ಚೊಕ್ಕ ಇಡುತ್ತದೆ, ಕೆಸರು ನೀರು ಬೇಗ ಹೊರಹಾಕುತ್ತದೆ. ಹಳ್ಳ ದಾಟುವ, ಕೆಸರಲ್ಲಿ ದುಡಿಯುವ ಪಿಕಪ್‌ಗೆ ಅರ್ಥ ಇದೆ. ಪ್ಯಾಡ್ ಸ್ವಲ್ಪ ಬೇಗ ಸವೆಯುತ್ತದೆ, ಬ್ರೇಕ್ ಹಾಕಿದಾಗ ಸಣ್ಣ ಗುಂಯ್‌ಗುಟ್ಟುವಿಕೆ ಇರುತ್ತದೆ. ಅದುರುವುದನ್ನು ಮಾತ್ರ ಇದು ನೇರವಾಗಿ ತಡೆಯುವುದಿಲ್ಲ.

ತೂತು ಇರುವ ಡಿಸ್ಕ್ ಹೊರೆ ಗಾಡಿಗೆ ಬೇಡ. ತೂತು ಅಂದರೆ ಅಷ್ಟು ಕಬ್ಬಿಣ ಕಡಿಮೆ, ಕಾದು ತಣಿದಾಗ ಬಿರುಕು ಶುರುವಾಗುವುದೂ ತೂತಿನ ಅಂಚಿನಿಂದಲೇ. ಚಕ್ರದ ಸಂದಿನಲ್ಲಿ ನೋಡಲು ಚೆಂದ, ಅಷ್ಟೇ.

ಪ್ಯಾಡ್

ಆರ್ಗಾನಿಕ್ ಪ್ಯಾಡ್ ಮೆತ್ತಗೆ, ಸದ್ದಿಲ್ಲ, ಅಗ್ಗ. ಜಾಸ್ತಿ ಕಾದರೆ ಹಿಡಿತ ಬಿಡುತ್ತದೆ, ಡಿಸ್ಕಿಗೆ ಮೆತ್ತಿಕೊಳ್ಳುತ್ತದೆ. ಖಾಲಿ ಓಡುವ ಗಾಡಿಗೆ ಸರಿ. ಸೆರಾಮಿಕ್ ಕೂಡ ಸದ್ದು ಕಡಿಮೆ, ದೂಳು ಕಡಿಮೆ, ಡಿಸ್ಕನ್ನು ಜಾಸ್ತಿ ಸವೆಸುವುದಿಲ್ಲ. ಪೇಟೆ ಓಡಾಟಕ್ಕೆ, ಅಪರೂಪಕ್ಕೆ ಹೊರೆ ಹೊರುವವರಿಗೆ ನನ್ನ ಓಟು ಇದಕ್ಕೇ. ದಿನಾ ಹೊರೆ, ಟ್ರೇಲರ್ ಅಂದರೆ ಭಾರದ ಕೆಲಸಕ್ಕೆಂದೇ ಮಾಡಿದ ಸೆಮಿ ಮೆಟಾಲಿಕ್. ಕಪ್ಪು ದೂಳು, ಬೆಳಿಗ್ಗೆ ತಣ್ಣಗಿರುವಾಗ ಸ್ವಲ್ಪ ಕಿರುಗುಟ್ಟುವಿಕೆ, ಡಿಸ್ಕ್ ಸವೆತ, ಇವನ್ನು ಸಹಿಸಬೇಕು. ಶಾಖ ತಡೆಯುವ ವಿಷಯದಲ್ಲಿ ಮಾತ್ರ ಇದೇ ಮುಂದೆ.

ಯಾವ ಪ್ಯಾಡ್ ಆದರೂ ಪಳಗಿಸುವ ಕೆಲಸ ತಪ್ಪಿಸಬೇಡಿ. ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಮಧ್ಯಮ ಒತ್ತಡದಲ್ಲಿ ಎಂಟು ಹತ್ತು ಸಲ ಇಳಿಸಿ. ನಡುನಡುವೆ ಸ್ವಲ್ಪ ಓಡಿಸಿ. ಕೊನೆಗೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ಪ್ಯಾಡ್ ಕಂಪನಿ ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಬಿಸಿ ಇದ್ದಾಗ ಒತ್ತಿಹಿಡಿದು ನಿಂತರೆ ಪ್ಯಾಡ್ ಮೊಹರು ಒತ್ತಿದ ಹಾಗೆ ಡಿಸ್ಕಿನ ಮೇಲೆ ಗುರುತು ಬಿಡುತ್ತದೆ. ಘಾಟಿ ಇಳಿದು ಬಂದು ಸಿಗ್ನಲ್‌ನಲ್ಲಿ ನಿಂತಾಗಲೂ ಇದೇ ಆಗುವುದು. ಮುಂದೆ ಜಾಗ ಇದ್ದರೆ ಸ್ವಲ್ಪ ಸ್ವಲ್ಪ ಉರುಳಿಸಿ, ಸಮತಟ್ಟಾಗಿದ್ದರೆ ಹಿಂದಿನ ಚಕ್ರಕ್ಕೆ ಹಿಡಿಯುವ ಹ್ಯಾಂಡ್‌ಬ್ರೇಕ್ ಹಾಕಿ ಪೆಡಲ್ ಬಿಡಿ. ಬಿಸಿ ಡಿಸ್ಕಿಗೆ ತಣ್ಣೀರು ಹೊಡೆದು ಗಾಡಿ ತೊಳೆಯುವುದೂ ಬೇಡ.

ದೊಡ್ಡ ಬ್ರೇಕ್ ಕಿಟ್

ದೊಡ್ಡ ಡಿಸ್ಕ್, ದೊಡ್ಡ ಕ್ಯಾಲಿಪರ್. ಶಾಖ ಹೀರಲು ಕಬ್ಬಿಣ ಜಾಸ್ತಿ, ಕೆಲಸ ಮಾಡುವುದು ನಿಜ. ಆದರೆ ಖರ್ಚು ಎಲ್ಲಕ್ಕಿಂತ ಮೇಲೆ, ಬಿಡಿಭಾಗ ಎಲ್ಲ ಕಡೆ ಸಿಗುವುದಿಲ್ಲ, ಹಳೆಯ ವೀಲ್ ಒಳಗೆ ಹಿಡಿಸದೆ ಇರಬಹುದು. ಸ್ಟೆಪ್ನಿ ಹಿಡಿಸುತ್ತದಾ ಅಂತ ಕೇಳಲು ಎಷ್ಟೋ ಜನ ಮರೆಯುತ್ತಾರೆ. ತೀರಾ ದೊಡ್ಡ ಟೈರ್ ಹಾಕಿ, ಅದರ ಮೇಲೆ ಭಾರವನ್ನೂ ಎಳೆಯುವವರಿಗೆ ಬಿಟ್ಟರೆ ಇನ್ನಾರಿಗೂ ಇದು ಮೊದಲ ಹೆಜ್ಜೆ ಅಲ್ಲ.

ಶಾಖವನ್ನೇ ಬೇರೆ ಕಡೆ ಕಳಿಸುವುದು

ಇಳಿಜಾರಿನಲ್ಲಿ ಏರುವಾಗ ಬಳಸುವ ಗೇರಿನಲ್ಲೇ ಇಳಿಯಿರಿ. ಆಟೋಮ್ಯಾಟಿಕ್ ಆದರೆ ಟೋ ಮೋಡ್ (ಭಾರ ಎಳೆಯುವಾಗ ಹಾಕುವ ಮೋಡ್) ಅಥವಾ ಕೈಯಿಂದ ಕೆಳಗಿನ ಗೇರ್. ಡೀಸೆಲ್‌ಗೆ ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ಬಿಗಿಮಾಡಿ ಎಂಜಿನ್ನಿನ ತಡೆ ಹೆಚ್ಚಿಸುವುದು) ಇದ್ದರೆ ಅದನ್ನು ಹಾಕಿ. ವೇಗ 100ರ ಬದಲು 80 ಇದ್ದರೆ ನಿಲ್ಲಿಸುವಾಗ ಹುಟ್ಟುವ ಶಾಖ ನೂರಕ್ಕೆ 36 ಪಾಲು ಕಡಿಮೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಯಾವ ಡಿಸ್ಕೂ ಕೊಡದಷ್ಟು ಲಾಭ.

ಟ್ರೇಲರ್ ಎಳೆಯುವವರು ಡಿಸ್ಕ್ ಬಗ್ಗೆ ಯೋಚಿಸುವ ಮುಂಚೆ ಟ್ರೇಲರಿಗೆ ಅದರದೇ ಬ್ರೇಕ್ ಇದೆಯಾ, ಅದು ಹಿಡಿಯುತ್ತಿದೆಯಾ ನೋಡಿ. ಎಲೆಕ್ಟ್ರಿಕ್ ಬ್ರೇಕ್ ಆದರೆ ಕಂಟ್ರೋಲರ್ ಕಡಿಮೆಗೆ ಇಟ್ಟಿದ್ದರೆ ಟ್ರೇಲರಿನ ಭಾರವನ್ನೂ ನಿಮ್ಮ ಮುಂದಿನ ಡಿಸ್ಕೇ ನಿಲ್ಲಿಸುತ್ತಿರುತ್ತದೆ.

ಹಿಂದಿನ ಬ್ರೇಕನ್ನೂ ಮರೆಯಬೇಡಿ. ಡ್ರಮ್ ಅಡ್ಜಸ್ಟ್ ಸಡಿಲವಾಗಿದ್ದರೆ ಮುಂದಿನದಕ್ಕೆ ಡಬಲ್ ಡ್ಯೂಟಿ. ಹಲವು ಪಿಕಪ್‌ಗಳಲ್ಲಿ ಹೊರೆ ನೋಡಿಕೊಂಡು ಹಿಂದಿನ ಬ್ರೇಕಿನ ಒತ್ತಡ ಬದಲಿಸುವ ವಾಲ್ವ್ ಇರುತ್ತದೆ, ಅದರ ಕಡ್ಡಿ ಹಿಂದಿನ ಆಕ್ಸಲ್‌ಗೆ ಸೇರಿರುತ್ತದೆ. ಲಿಫ್ಟ್ ಕಿಟ್ ಹಾಕಿಸಿ ಬಾಡಿ ಮೇಲೆದ್ದರೆ ವಾಲ್ವ್ ಗಾಡಿ ಖಾಲಿ ಇದೆ ಅಂತಲೇ ತಿಳಿದು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಲಿಫ್ಟ್ ಆದ ಮೇಲೆ ಮುಂದಿನ ಡಿಸ್ಕ್ ಹೋಗಲು ಶುರುವಾಗಿದ್ದರೆ ಮೊದಲು ಈ ಕಡ್ಡಿ ನೋಡಿಸಿ.

ಹಾಗಾದರೆ ನಿಮಗೆ ಯಾವುದು?

ಕೈಯಲ್ಲಿ ದುಡ್ಡು ಕಡಿಮೆ ಇದೆ, ಅದುರು ಈಗಷ್ಟೇ ಶುರುವಾಗಿದೆ ಅಂದರೆ ಬಿಚ್ಚಿ ಹಬ್ ಉಜ್ಜಿ, ಪಿನ್ ಗ್ರೀಸ್ ಮಾಡಿ, ಟಾರ್ಕ್ ವ್ರೆಂಚ್‌ನಿಂದ ಬಿಗಿದು, ಪ್ಯಾಡ್ ಮತ್ತೆ ಪಳಗಿಸಿ ನೋಡಿ. ತೆಳುವಾಗಿ ಅಂಟಿದ್ದು ಇದರಲ್ಲೇ ಹೋಗುವುದುಂಟು. ಹೋಗದಿದ್ದರೆ ಗಾಡಿಯ ಮೇಲೇ ಕೊರೆಯುವ ಲೇತ್ ಹುಡುಕಿ.

ಹೆಚ್ಚಾಗಿ ಖಾಲಿ, ವಾರಕ್ಕೊಮ್ಮೆ ಹೊರೆ ಅನ್ನುವವರಿಗೆ ಒಳ್ಳೆಯ ಸಾದಾ ಡಿಸ್ಕ್, ಸೆರಾಮಿಕ್ ಪ್ಯಾಡ್. ಇದಕ್ಕಿಂತ ಜಾಸ್ತಿ ಖರ್ಚು ಮಾಡಿದರೆ ಸುಮ್ನೆ ದಂಡ. ದಿನಾ ಹೊರೆ, ಘಾಟಿ, ಟ್ರೇಲರ್ ಇದ್ದವರಿಗೆ ಹೈ ಕಾರ್ಬನ್ ಡಿಸ್ಕ್, ಭಾರದ ಸೆಮಿ ಮೆಟಾಲಿಕ್ ಪ್ಯಾಡ್, ಜೊತೆಗೆ ಸರಿಯಾಗಿ ಹಿಡಿಯುವ ಟ್ರೇಲರ್ ಬ್ರೇಕ್. ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಅದನ್ನೂ ಬದಲಿಸಿ. ನೀರು ಹೀರಿದ ಆಯಿಲ್ ಘಾಟಿಯಲ್ಲಿ ಕುದಿದರೆ ಅದುರುವುದಲ್ಲ, ಪೆಡಲ್ಲೇ ನೆಲಕ್ಕೆ ಹೋಗುತ್ತದೆ. ಕೆಸರು, ನೀರಿನ ಕೆಲಸ ಇದ್ದರೆ ಲೇಪನ ಇರುವ, ಗೀರು ಹಾಕಿದ ಡಿಸ್ಕ್.

ಡಿಸ್ಕ್ ಬದಲಿಸುವುದಾದರೆ ಎಡ ಬಲ ಎರಡನ್ನೂ ಒಟ್ಟಿಗೆ, ಪ್ಯಾಡ್ ಕೂಡ ಹೊಸದೇ. ಹೊಸ ಡಿಸ್ಕಿಗೆ ಮೆತ್ತಿರುವ ಎಣ್ಣೆಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿಯೇ ಹಾಕಬೇಕು. ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆದರೆ, ಲೋಹ ಉಜ್ಜುವ ಸದ್ದು ಬಂದರೆ, ಡಿಸ್ಕಿನ ಬಿರುಕು ಅಂಚಿನವರೆಗೆ ಹೋಗಿದ್ದರೆ ಈ ಹೋಲಿಕೆಯೆಲ್ಲ ಆಮೇಲೆ. ಗಾಡಿ ಅಲ್ಲೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿ.